ರಾತ್ರಿ ಅಳುತ್ತಿದ್ದ ಬೆಳ್ಳಿ: ನನ್ನ ಅನುಭವ

ಸಕಲೇಶಪುರದ ನಮ್ಮ ತೋಟದ ಮನೆಯಲ್ಲಿ ಈಗ ಹೆಚ್ಚಿನ ರಾತ್ರಿ ಎಲ್ಲರಿಗೂ ಬೆಳಗಿನವರೆಗೆ ನಿದ್ದೆ. ಇದು ಆಗುವ ಮಾತೆಂದು ನನ್ನ ಹೊರತು ಯಾರೂ ನಂಬಿರಲಿಲ್ಲ.

ಬೆಳ್ಳಿ 2008ರ ಕಾಫಿ ಕೊಯ್ಲಿನಲ್ಲಿ ಗೋಣಿಚೀಲಗಳ ನಡುವೆ ಸಿಕ್ಕ ಬೆಕ್ಕಿನ ಮರಿ. ಹದಿನೈದು ತುಂಬಿದ ಮಳೆಗಾಲದಲ್ಲಿ, ರಾತ್ರಿ ಎರಡಕ್ಕೆ ಎದ್ದು ಗೋಡೆಗೆ ಮುಖ ಮಾಡಿ ಕೂಗತೊಡಗಿದಳು. ಉಂಡು ಹತ್ತು ನಿಮಿಷವಾಗಿರುವುದಿಲ್ಲ, ಮತ್ತೆ ಖಾಲಿ ತಟ್ಟೆಯ ಮುಂದೆ ಹಾಜರು. ಬಾಗಿಲು ತೆರೆಯುವ ಬದಿ ಬಿಟ್ಟು ಬಿಜಾಗರಿಯ ಬದಿಯಲ್ಲಿ ನಿಂತು ಕಾಯುತ್ತಿದ್ದಳು. ಅದನ್ನು ಕಂಡಾಗಲೇ ಇದು ಮುಪ್ಪಿನ ಮರೆವಿನ ಕಾಯಿಲೆಯೇನೋ ಎಂದು ನನಗೆ ಅನುಮಾನ ಬಂದದ್ದು. ಬೆಕ್ಕು ಅತ್ತರೆ ಮನೆಗೆ ಕೇಡು ಎಂದು ಅತ್ತೆಯವರಿಗೆ ಭಯ. ಗೋಣಿಯಲ್ಲಿ ಹಾಕಿ ಹೇಮಾವತಿಯ ಆಚೆ ಬಿಟ್ಟು ಬರಲು ನೆರೆಯವರ ಸಲಹೆ.

ಮೊದಲು ತೋರಿಸಿದ ಕಡೆ ವಯಸ್ಸಿನ ದೋಷವೆಂದು ಹೇಳಿ ವಿಟಮಿನ್ ಚುಚ್ಚಿ ಕಳಿಸಿದರು. ಮೂರು ಸಲ ಹೋದೆ, ಸುಮಾರು ಒಂದು ಸಾವಿರ ದಂಡ. ಆಮೇಲೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಬುಟ್ಟಿಯಲ್ಲಿ ಕರೆದೊಯ್ದೆ. ಮರೆವಿನ ಕಾಯಿಲೆಗೆ ನೇರವಾದ ಪರೀಕ್ಷೆಯಿಲ್ಲ, ಬೇರೆಲ್ಲವನ್ನೂ ತಳ್ಳಿಹಾಕುತ್ತಾ ಬಂದು ಉಳಿದದ್ದನ್ನೇ ಹಿಡಿಯಬೇಕು. ರಕ್ತದೊತ್ತಡ, ಥೈರಾಯ್ಡ್, ಮೂತ್ರಪಿಂಡ, ಸಕ್ಕರೆ, ಕೀಲುನೋವು ಇವುಗಳಲ್ಲಿ ಯಾವುದಿದ್ದರೂ ಮುದಿ ಬೆಕ್ಕು ರಾತ್ರಿ ಹೀಗೆಯೇ ಕೂಗಬಹುದು. ಬಾಡಿಗೆ ಕಾರೂ ಸೇರಿ ಆರು ಸಾವಿರದ ಹತ್ತಿರ ಹೋಯಿತು. ಮೊಣಕಾಲು ನೋವೊಂದು ಸಿಕ್ಕಿತು, ಅದಕ್ಕೆ ಔಷಧ ಕೊಟ್ಟರು. ನೋವು ತಗ್ಗಿತು, ಕೂಗು ನಿಲ್ಲಲಿಲ್ಲ. ಹದಿನೈದು ದಾಟಿದ ಬೆಕ್ಕುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಥ ಒಂದಾದರೂ ಲಕ್ಷಣ ತೋರುತ್ತವೆ ಎಂದು ಗೊತ್ತಾದದ್ದು ಆಗಲೇ.

ನನ್ನ ದೊಡ್ಡ ತಪ್ಪು, ನಾಯಿಗಳ ನೆನಪಿನ ಶಕ್ತಿಗೆಂದು ಮಾರುವ ಮಾತ್ರೆಯನ್ನು 1,800 ರೂಪಾಯಿ ಕೊಟ್ಟು ತರಿಸಿದ್ದು. ಕೊಡುವ ಮುನ್ನ ವೈದ್ಯರಿಗೆ ಡಬ್ಬಿಯ ಚಿತ್ರ ಕಳಿಸಿದ್ದರಿಂದ ಬೆಳ್ಳಿ ಉಳಿದಳು. ಅದರಲ್ಲಿದ್ದ ಆಲ್ಫಾ ಲಿಪೋಯಿಕ್ ಆಮ್ಲ ಬೆಕ್ಕಿಗೆ ವಿಷ. ಡಬ್ಬಿಯನ್ನು ಹಾಗೆಯೇ ಗುಂಡಿಗೆ ಹಾಕಿದೆ. ನಾಯಿಗಳ ಮರೆವಿಗೆ ಕೊಡುವ ಸೆಲೆಜಿಲಿನ್ ಎಂಬ ಔಷಧದ ವಿಚಾರವೂ ಬಂತು. ಈ ಕಾಯಿಲೆಗೆ ಬೆಕ್ಕಿಗೆಂದೇ ಒಪ್ಪಿಗೆ ಪಡೆದ ಔಷಧ ಅದಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲೇ ಕೊಟ್ಟರೂ ಬೆಳ್ಳಿ ವಾಂತಿ ಮಾಡಿಕೊಂಡಳು. ಅವರನ್ನು ಕೇಳಿಯೇ ನಿಲ್ಲಿಸಿದೆ. ರಾತ್ರಿ ಉಗ್ರಾಣದಲ್ಲಿ ಕೂಡಿಹಾಕಿದ್ದಂತೂ ಇನ್ನೂ ಕೆಟ್ಟದ್ದಾಯಿತು, ಬಾಗಿಲು ಕೆರೆದು ಉಗುರು ಕಿತ್ತುಕೊಂಡಳು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೊನೆಗೆ ಕೈಹಿಡಿದದ್ದು ಗಡಿಯಾರ ಮತ್ತು ಬೆಳಕು. ಸಂಜೆ ದಾರದ ತುದಿಗೆ ಗರಿ ಕಟ್ಟಿ ಕಾಲು ಗಂಟೆ ಆಡಿಸುತ್ತೇನೆ. ದಿನದ ಊಟ ನಾಲ್ಕು ಪಾಲು, ಕೊನೆಯ ಪಾಲು ರಾತ್ರಿ ಹತ್ತೂವರೆಗೆ, ಉಗುರುಬೆಚ್ಚಗೆ ಮಾಡಿ. ಅವಳ ಹಾಸಿಗೆಯಿಂದ ಮಲದ ತಟ್ಟೆಯವರೆಗೆ ಎರಡು ಸಣ್ಣ ದೀಪ. ಮಲದ ತಟ್ಟೆಗಳನ್ನು ಒಂದರಿಂದ ಮೂರಕ್ಕೆ ಏರಿಸಿ, ನೋಯುವ ಕಾಲಿಗೆ ದಾಟಲು ಸುಲಭವಾಗಲೆಂದು ತಟ್ಟೆಯಾಗಿಸಿದ ಪ್ಲಾಸ್ಟಿಕ್ ಬೋಗುಣಿಯ ಒಂದು ಬದಿಯನ್ನು ಮೂರು ಬೆರಳಿನ ಎತ್ತರಕ್ಕೆ ಕತ್ತರಿಸಿದೆ. ಅದರೊಳಗೆ ಭತ್ತದ ಹೊಟ್ಟು ಹಾಕಿ ನೋಡಿದೆ, ಪಾದಕ್ಕೆ ಚುಚ್ಚಿರಬೇಕು, ಕಾಲಿಡಲಿಲ್ಲ. ಮರದ ಹೊಟ್ಟು ಮನೆಯೆಲ್ಲ ಹರಡಿತು. ಮತ್ತೆ ಹೊಳೆ ಮರಳಿಗೇ ಬಂದೆ. ರಾತ್ರಿ ರೇಡಿಯೋ ಸಣ್ಣಗೆ ಹಾಕಿಟ್ಟು ಎರಡು ವಾರ ನೋಡಿದ್ದೂ ಉಂಟು, ಫಲ ಕಾಣಲಿಲ್ಲ.

ಮೂರು ವಾರಕ್ಕೆ ಕೂಗು ರಾತ್ರಿಗೆ ಎಂಟು ಹತ್ತು ಸಲದಿಂದ ಎರಡಕ್ಕೆ ಇಳಿಯಿತು, ಈಗ ವಾರಕ್ಕೊಮ್ಮೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ, ಯಾರು ಬೇಕಾದರೂ ಎಣಿಸಬಹುದು. ಕಾಯಿಲೆ ವಾಸಿಯಾಗಿಲ್ಲ, ವಾಸಿಯಾಗುವಂಥದ್ದೂ ಅಲ್ಲ. ದೀಪಾವಳಿಗೆ ಸುಣ್ಣ ಹೊಡೆಸಲು ಹಜಾರದ ಮಂಚ ಸರಿಸಿದ್ದಕ್ಕೆ ಹತ್ತು ದಿನ ಹಳೆಯ ಗೋಳು ಮರುಕಳಿಸಿತು. ಆಷಾಢದ ಮಳೆಗೆ ಕರೆಂಟು ಹೋದ ರಾತ್ರಿಯೂ ಅಷ್ಟೇ. ಅಂದಿನಿಂದ ಚಾರ್ಜ್ ಆಗುವ ಬಲ್ಬ್ ತಂದಿಟ್ಟಿದ್ದೇನೆ, ನಾನೂರು ರೂಪಾಯಿ ಇರಬೇಕು. ಮಂಚವನ್ನು ಇನ್ನು ಯಾರೂ ಮುಟ್ಟುವಂತಿಲ್ಲ. ಕಾಲುಗಳ ಜಾಗಕ್ಕೆ ನೆಲದ ಮೇಲೆ ಬಣ್ಣದಲ್ಲಿ ಗುರುತು ಹಾಕಿದ್ದೇನೆ.