ಸೇಜ್‌ಮ್ಯಾಥ್: ಒಂದು ಲ್ಯಾಪ್‌ಟಾಪ್‌ನಾಗ ಪಾಸ್, ಇನ್ನೊಂದರಾಗ ಫೇಲ್

ವಿಜಯಪುರದಲ್ಲಿ ನಾವು ಕೆಲವರು ಸೇರಿ ಸೇಜ್‌ಮ್ಯಾಥ್‌ಗೆ ಉದಾಹರಣೆಗಳನ್ನು ಬರೆಯುತ್ತೇವೆ. 2005ರಲ್ಲಿ ವಿಲಿಯಂ ಸ್ಟೈನ್ ಶುರು ಮಾಡಿದ ಈ ಗಣಿತ ತಂತ್ರಾಂಶದಲ್ಲಿ ಉದಾಹರಣೆಯೇ ಪರೀಕ್ಷೆ: ಬರೆದಿಟ್ಟ ಉತ್ತರವೇ ಅಕ್ಷರಶಃ ಬರಬೇಕು.

1ರಿಂದ 9ರವರೆಗಿನ ಅಂಕಿಗಳ 3×3 ಮ್ಯಾಟ್ರಿಕ್ಸ್‌ನ ಐಗನ್ ಮೌಲ್ಯ, ಅಂದರೆ ಆ ಮ್ಯಾಟ್ರಿಕ್ಸ್‌ಗೇ ಸೇರಿದ ಮೂರು ವಿಶೇಷ ಸಂಖ್ಯೆಗಳನ್ನು ಕೇಳಿದ್ದೆವು. 16.1168, -1.1168 ಎಲ್ಲರಲ್ಲೂ ಸರಿ. ಮೂರನೆಯದು ಸೊನ್ನೆ ಬರಬೇಕು, ಬಂದದ್ದು ದಶಮಾಂಶದ 15ನೇ ಸ್ಥಾನದ ಸುತ್ತ ಒಂದು ಚೂರು, ಅದೂ ಯಂತ್ರಕ್ಕೊಂದು ಥರ. "ಸರ್, ನನ್ನ ಲ್ಯಾಪ್‌ಟಾಪ್‌ನ್ಯಾಗ ಪಾಸ್ ಆಗೇತ್ರಿ" ಅಂದ ಜೊತೆಗಿದ್ದ ಹುಡುಗ.

ಅನುಮಾನ ಓಪನ್‌ಬ್ಲಾಸ್ ಮೇಲೆ ಬಂತು; ಮ್ಯಾಟ್ರಿಕ್ಸ್ ಲೆಕ್ಕಗಳನ್ನು ಒಳಗೆ ಮಾಡಿಕೊಡುವ ಲೈಬ್ರರಿ ಅದು. ಪ್ರೊಸೆಸರ್ ನೋಡಿ ಅದು ತನ್ನ ಲೆಕ್ಕದ ದಾರಿ ಆರಿಸುತ್ತದೆ; ಯಂತ್ರ ದಶಮಾಂಶಗಳನ್ನು ಪ್ರತಿ ಹಂತದಲ್ಲೂ ಅಂದಾಜಿಗೆ ಇಳಿಸುವುದರಿಂದ, ಕೂಡಿಸುವ ಕ್ರಮ ಬದಲಾದರೆ ಕೊನೆಯ ಅಂಕಿಗಳೂ ಬದಲಾಗುತ್ತವೆ. ಯಾವ ಪ್ರೊಸೆಸರ್ ಎಂದು ಓಪನ್‌ಬ್ಲಾಸ್‌ಗೆ ನಾವೇ ಹೇಳುವ ಕೋರ್‌ಟೈಪ್ ವೇರಿಯೇಬಲ್‌ನಲ್ಲಿ ಹಳೆಯ ಪ್ರೊಸೆಸರ್ ಹೆಸರು ಕೊಟ್ಟು ಓಡಿಸಿದೆ. ಅದೇ ಯಂತ್ರದಲ್ಲೇ ಚೂರು ಬದಲಾಯಿತು! ಕಾರಣ ಕೈಗೆ ಸಿಕ್ಕಿತು.

ಸೇಜ್‌ಮ್ಯಾಥ್ ಕೋಡ್ ಮುಟ್ಟಲಿಲ್ಲ. ಉದಾಹರಣೆಯ ಸಾಲಿಗೆ 'ಆಬ್ಸ್ ಟಾಲ್' (ಎಷ್ಟು ವ್ಯತ್ಯಾಸ ಸಹಿಸಬೇಕು ಎಂಬ) ಟಿಪ್ಪಣಿ ಸೇರಿಸಿ, ದಶಮಾಂಶದ 12ನೇ ಸ್ಥಾನದಿಂದಾಚೆಯ ವ್ಯತ್ಯಾಸಕ್ಕೆ ಅವಕಾಶ ಕೊಟ್ಟೆ. ಪರೀಕ್ಷೆಯನ್ನೇ ತೆಗೆದುಬಿಡೋಣ ಎಂಬ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ. ನಿಜವಾದ ದೋಷ ಬಂದಾಗ ಹಿಡಿಯುವುದು ಅದೇ. ಬೇರೆಯವರೊಬ್ಬರು ತಮ್ಮ ಯಂತ್ರದಲ್ಲಿ ಓಡಿಸಿ ನೋಡಿ ಒಪ್ಪಿಗೆ ಕೊಟ್ಟರು. ಈಗ ಎಲ್ಲರ ಲ್ಯಾಪ್‌ಟಾಪ್‌ನಲ್ಲೂ ಪಾಸ್.