ಪಂಪಿನ ಲೆಕ್ಕದಲ್ಲಿ ಉತ್ತರ ಅರ್ಧಕ್ಕಿಂತ ಕಡಿಮೆ ಬರುತ್ತಿದ್ದರೆ

ಗದಗ ಸೀಮೆಯ ಹೊಲವೊಂದರಲ್ಲಿ, ಬಾವಿಯ ನೀರಿನ ಮಟ್ಟದಿಂದ 20 ಮೀಟರ್ ಮೇಲಿರುವ ತೊಟ್ಟಿಗೆ 30 ನಿಮಿಷದಲ್ಲಿ 9000 ಲೀಟರ್ ನೀರೆತ್ತುವ, ಶೇ. 70 ದಕ್ಷತೆಯ (ಅಂದರೆ ಕೊಟ್ಟದ್ದರಲ್ಲಿ ಶೇ. 70 ಮಾತ್ರ ನೀರಿಗೆ ಸೇರುವ) ಪಂಪಿಗೆ ಎಷ್ಟು ಸಾಮರ್ಥ್ಯ ಕೊಡಬೇಕು ಎಂಬ ಲೆಕ್ಕಕ್ಕೆ 686 ವ್ಯಾಟ್ ಬರುತ್ತಿತ್ತು, ಸರಿಯುತ್ತರ 1400. ಸೂತ್ರಗಳನ್ನು ಮತ್ತೆ ಬಾಯಿಪಾಠ ಮಾಡಿದ್ದರಿಂದ ಏನೂ ಆಗಲಿಲ್ಲ. ಗುರುತ್ವ ವೇಗೋತ್ಕರ್ಷವನ್ನು 9.8ರ ಬದಲು 10 ಎಂದು ಹಿಡಿದಾಗ 700 ಆಯಿತು, ಅಷ್ಟೇ.

ಫಲ ಕೊಟ್ಟದ್ದು ಬರೆಯುವ ಕ್ರಮ. ಮೊದಲು ಲೀಟರನ್ನು ಕಿಲೋಗ್ರಾಂಗೂ ನಿಮಿಷವನ್ನು ಸೆಕೆಂಡಿಗೂ ಪರಿವರ್ತಿಸಿ, ದಕ್ಷತೆಯನ್ನು ಬದಿಗಿಟ್ಟು, ನೀರು ಪಡೆದ ಶಕ್ತಿಯನ್ನಷ್ಟೇ ಬರೆಯಬೇಕು: 9000 × 9.8 × 20 = 17,64,000 ಜೂಲ್. ಇದನ್ನು 1800 ಸೆಕೆಂಡಿನಿಂದ ಭಾಗಿಸಿದರೆ 980 ವ್ಯಾಟ್. ಇದು ನೀರಿಗೆ ಸೇರಿದ ಸಾಮರ್ಥ್ಯವೇ ಹೊರತು ಪಂಪಿಗೆ ಕೊಟ್ಟದ್ದಲ್ಲ. ಕೊಟ್ಟದ್ದು ಯಾವಾಗಲೂ ಹೆಚ್ಚೇ ಇರುವುದರಿಂದ 0.7ರಿಂದ ಗುಣಿಸದೆ (ಗುಣಿಸಿದ್ದರಿಂದಲೇ 686 ಬಂದದ್ದು) ಭಾಗಿಸಬೇಕು. ಆಗ 1400 ವ್ಯಾಟ್, ಅಂದರೆ 746ರಿಂದ ಭಾಗಿಸಿದಾಗ ಸುಮಾರು 1.88 ಎಚ್‌ಪಿ (ಅಶ್ವಶಕ್ತಿ; ಒಂದು ಎಚ್‌ಪಿ ಎಂದರೆ 746 ವ್ಯಾಟ್). ಪಂಪಿಗೆ ಕೊಟ್ಟ ಸಾಮರ್ಥ್ಯವನ್ನು ತಿಳಿಸಿ ಏರುವ ನೀರಿನ ಪ್ರಮಾಣವನ್ನು ಕೇಳಿದಾಗ ಮಾತ್ರ ದಕ್ಷತೆಯಿಂದ ಗುಣಿಸಬೇಕು.