ಸೆನ್ಸರ್ ಚಾನೆಲ್ ಸೆಟ್ ಮಾಡುವಾಗ ಮೊದಲು ರೇಂಜ್ ನೋಡಿ

ಡೇಟಾ ಅಕ್ವಿಸಿಷನ್ ಮಾಡ್ಯೂಲ್‌ಗೆ (ಸೆನ್ಸರ್‌ನ ವೋಲ್ಟೇಜ್ ಅಳೆದು ಅಂಕಿಯಾಗಿ ಕೊಡುವ ಸಾಧನ) ಸೆನ್ಸರ್ ಜೋಡಿಸುವವರಿಗೆ ಒಂದು ಮಾತು. ಎಲ್ಲ ಚಾನೆಲ್‌ಗಳ (ಇನ್‌ಪುಟ್‌ಗಳ) ರೇಂಜನ್ನೂ, ಅಂದರೆ ಅಳೆಯುವ ವೋಲ್ಟೇಜ್ ಮಿತಿಯನ್ನು, ಸುಮ್ನೆ ±10 ವೋಲ್ಟ್‌ನಲ್ಲೇ ಬಿಡಬೇಡಿ.

ಲೆಕ್ಕ ಹಾಕಿ ನೋಡಿ. 16 ಬಿಟ್ ಮಾಡ್ಯೂಲ್ ಇಡೀ ರೇಂಜನ್ನು 65,536 ಹೆಜ್ಜೆಗಳಾಗಿ ಭಾಗ ಮಾಡುತ್ತದೆ; ಅದರಲ್ಲಿ ±10 ವೋಲ್ಟ್ ಅಂದ್ರೆ ಒಂದು ಹೆಜ್ಜೆಗೆ ಸುಮಾರು 0.3 ಮಿಲಿವೋಲ್ಟ್. ಕೆ ಟೈಪ್ ಥರ್ಮೋಕಪಲ್ (ತಾಪಮಾನ ಅಳೆಯುವ ಸೆನ್ಸರ್) ಕೊಡುವುದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಮಾತ್ರ. ಅಂದರೆ ರೀಡಿಂಗ್ ಏಳೇಳು ಡಿಗ್ರಿ ಜಿಗಿಯುತ್ತದೆ! ಅದೇ ಚಾನೆಲ್ ಅನ್ನು ±80 ಮಿಲಿವೋಲ್ಟ್‌ಗೆ ಇಳಿಸಿದರೆ ಒಂದು ಹೆಜ್ಜೆ 0.06 ಡಿಗ್ರಿ. ಸೆನ್ಸರ್ ಅದೇ, ವೈರ್ ಅದೇ. ಇಂಥ ಸಣ್ಣ ಸಿಗ್ನಲ್‌ಗೆ ಡಿಫರೆನ್ಷಿಯಲ್ ಮೋಡ್ (ಎರಡು ವೈರ್‌ಗಳ ನಡುವಿನ ವ್ಯತ್ಯಾಸವನ್ನಷ್ಟೇ ಅಳೆಯುವುದು) ಇಡಿ, ನಾಯ್ಸ್ ಎಷ್ಟೋ ಕಡಿಮೆಯಾಗುತ್ತದೆ. ಕೋಲ್ಡ್ ಜಂಕ್ಷನ್ ಕಾಂಪೆನ್ಸೇಷನ್ (ಥರ್ಮೋಕಪಲ್ ವೈರ್ ಮಾಡ್ಯೂಲ್‌ಗೆ ಸೇರುವ ಜಾಗದ ತಾಪಮಾನವನ್ನು ಲೆಕ್ಕಕ್ಕೆ ಸೇರಿಸುವುದು) ಆನ್ ಇದೆಯಾ ಅಂತಲೂ ನೋಡಿಕೊಳ್ಳಿ.

4-20 ಮಿಲಿಆಂಪ್ ಸೆನ್ಸರ್ (ಅಳತೆಯನ್ನು 4ರಿಂದ 20 ಮಿಲಿಆಂಪ್ ಕರೆಂಟ್ ಆಗಿ ಕೊಡುವಂಥದ್ದು) ಆದರೆ, ವೋಲ್ಟೇಜ್ ಚಾನೆಲ್‌ಗೆ ಅಡ್ಡಲಾಗಿ 250 ಓಮ್ ರೆಸಿಸ್ಟರ್ ಹಾಕಿ, 1ರಿಂದ 5 ವೋಲ್ಟ್ ಸಿಗುತ್ತದೆ. ಸ್ಕೇಲಿಂಗ್‌ನಲ್ಲಿ (ವೋಲ್ಟೇಜನ್ನು ನಿಜವಾದ ಅಳತೆಗೆ ಬದಲಿಸುವ ಸೆಟ್ಟಿಂಗ್) ಅಳತೆಯ ಸೊನ್ನೆಗೆ 1 ವೋಲ್ಟ್ ಅಂತಲೇ ಕೊಡಬೇಕು, 0 ವೋಲ್ಟ್ ಅಲ್ಲ. 0ರಿಂದ 10 ಬಾರ್ ಪ್ರೆಶರ್ ಸೆನ್ಸರ್‌ನಲ್ಲಿ 3 ವೋಲ್ಟ್ ಬಂದರೆ 5 ಬಾರ್ ತೋರಿಸಬೇಕು. ತೋರಿಸದಿದ್ದರೆ ಸ್ಕೇಲಿಂಗ್ ಮತ್ತೆ ನೋಡಿ. ಪೂರ್ತಿ 0 ವೋಲ್ಟ್ ಬಂತಾ? ವೈರ್ ಕಟ್ ಆಗಿರಬಹುದು, ಇಲ್ಲವೇ ಸಪ್ಲೈ ಇಲ್ಲ. ಇದಕ್ಕೊಂದು ಅಲಾರಂ ಇಡುವುದು ತುಂಬಾ ಒಳ್ಳೆಯದು.

ಖಾಲಿ ಚಾನೆಲ್‌ಗಳನ್ನು ಸ್ಕ್ಯಾನ್ ಪಟ್ಟಿಯಿಂದ (ಮಾಡ್ಯೂಲ್ ಓದುವ ಚಾನೆಲ್‌ಗಳ ಪಟ್ಟಿ) ತೆಗೆದುಬಿಡಿ. ತೆಗೆಯಲು ಆಗದಿದ್ದರೆ ಇನ್‌ಪುಟ್ ಅನ್ನು ಗ್ರೌಂಡ್‌ಗೆ ಶಾರ್ಟ್ ಮಾಡಿ. ಮಲ್ಟಿಪ್ಲೆಕ್ಸ್ ಮಾಡ್ಯೂಲ್‌ಗಳಲ್ಲಿ (ಒಂದೇ ಅಳೆಯುವ ಸರ್ಕ್ಯೂಟ್ ಎಲ್ಲ ಚಾನೆಲ್‌ಗಳನ್ನೂ ಸರದಿಯಲ್ಲಿ ಓದುವಂಥವು) ಖಾಲಿ ಬಿಟ್ಟ ಚಾನೆಲ್ ಪಕ್ಕದ ಚಾನೆಲ್‌ನ ವೋಲ್ಟೇಜನ್ನೇ ತೋರಿಸುವುದುಂಟು.